ಬಿಯರ್ ತಯಾರಿಕೆಯ ಹವ್ಯಾಸಿಗೆ ಬಳಗ ಮತ್ತು ಸ್ಪರ್ಧೆ: ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಮೂರು ಜಿಲ್ಲೆಗಳಲ್ಲಿ ಬಿಯರ್ ತಯಾರಿಕೆಯನ್ನು ಹವ್ಯಾಸವಾಗಿ ಕಲಿಯಲು ಹೊರಟವರು ನನ್ನನ್ನು ಕೇಳುವ ಪ್ರಶ್ನೆಗಳು ಎರಡು. ಈ ಆಸಕ್ತಿಯವರು ಇಲ್ಲಿ ಇನ್ನು ಯಾರಿದ್ದಾರೆ ಎಂಬುದು ಒಂದು, ಸ್ಪರ್ಧೆಗೆ ಬಾಟಲಿ ಕಳಿಸುವುದು ಹೇಗೆ ಎಂಬುದು ಇನ್ನೊಂದು. ಕೇಳಿದವರಲ್ಲಿ ಹೆಚ್ಚಿನವರು ಎಡವಿದ್ದು ಒಂದೇ ಕಡೆ: ಮೊದಲು ಬಿಯರ್ ಮಾಡಲು ಯೋಚಿಸುತ್ತಾರೆ, ಆಮೇಲೆ ಸ್ಪರ್ಧೆ ಹುಡುಕುತ್ತಾರೆ, ಎಲ್ಲವೂ ಕೆಟ್ಟ ಮೇಲೆ ತಿಳಿದವರನ್ನು ಹುಡುಕುತ್ತಾರೆ. ಕೆಲಸ ನಡೆಯಬೇಕಾದ ಕ್ರಮ ಇದಕ್ಕೆ ತಲೆಕೆಳಗಾದದ್ದು. ಮೊದಲು ಕಾನೂನು, ನಂತರ ರುಚಿಯ ಅಭ್ಯಾಸ, ನಂತರ ಜೊತೆಗಾರರು. ಬಾಟಲಿ ಮತ್ತು ಸ್ಪರ್ಧೆ ಕೊನೆಯಲ್ಲಿ ಬರುತ್ತವೆ.

ಹಂತ 1: ಕಾನೂನಿನ ಗೆರೆಯನ್ನು ಮೊದಲು ತಿಳಿದುಕೊಳ್ಳಿ

ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವಂತಿಲ್ಲ. ಮಾರುವುದಿಲ್ಲ, ಮನೆಯವರು ಮಾತ್ರ ಕುಡಿಯುತ್ತೇವೆ ಎಂಬುದು ಇಲ್ಲಿ ಸಮರ್ಥನೆಯಾಗದು. ತಯಾರಿಸುವ ಉದ್ದೇಶದಿಂದ ಸಾಮಗ್ರಿ ಮತ್ತು ಪಾತ್ರೆಗಳನ್ನು ಇಟ್ಟುಕೊಳ್ಳುವುದನ್ನೂ ಕಾಯ್ದೆ ನಿಷೇಧಿಸುತ್ತದೆ. ನಾವು ನೋಡಿ ಕಲಿಯುವ ವಿಡಿಯೋಗಳಲ್ಲಿ ಹೆಚ್ಚಿನವು ಅಮೆರಿಕ ಮತ್ತು ಬ್ರಿಟನ್ನಿನವು ಎಂಬುದನ್ನು ಮರೆಯುವುದರಿಂದಲೇ ಗೊಂದಲ ಹುಟ್ಟುತ್ತದೆ. ಬ್ರಿಟನ್ನಿನಲ್ಲಿ 1963ರಿಂದ ಸ್ವಂತ ಬಳಕೆಯ ಬಿಯರ್‌ಗೆ ಪರವಾನಗಿ ಬೇಕಿಲ್ಲ. ಅಮೆರಿಕದಲ್ಲಿ 1978ರ ಕಾನೂನು 1979ರಿಂದ ಜಾರಿಗೆ ಬಂದು, ಒಬ್ಬ ವಯಸ್ಕ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆ 200 ಗ್ಯಾಲನ್ ತಯಾರಿಸಿಕೊಳ್ಳಲು ಫೆಡರಲ್ ತೆರಿಗೆಯಿಲ್ಲದೆ ಅವಕಾಶವಿದೆ, ಮಾರುವಂತಿಲ್ಲ.

ಆದ್ದರಿಂದ ಓದುಗರು ತಾವು ಎಲ್ಲಿದ್ದೀರಿ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಓದಿಗೋ ನೌಕರಿಗೋ ಹೊರದೇಶದಲ್ಲಿರುವ ನಮ್ಮ ಊರಿನವರಿಗೆ, ಅಲ್ಲಿನ ಕಾನೂನು ಒಪ್ಪುವುದಾದರೆ, ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಅನ್ವಯಿಸುತ್ತವೆ. ಊರಿನಲ್ಲಿಯೇ ಇರುವವರಿಗೆ ರುಚಿ ನೋಡುವ ಬಳಗ, ಸ್ಪರ್ಧೆಯ ತೀರ್ಪುಗಾರರಾಗುವ ಪರೀಕ್ಷೆ, ಪರವಾನಗಿ ಇರುವ ಮೈಕ್ರೋಬ್ರೂವರಿಯೊಳಗಿನ, ಅಂದರೆ ತಾನೇ ಬಿಯರ್ ತಯಾರಿಸಿ ಅಲ್ಲಿಯೇ ಬಡಿಸುವ ಚಿಕ್ಕ ಘಟಕದೊಳಗಿನ ಕಲಿಕೆ, ಇವು ಮೂರು ತೆರೆದ ದಾರಿಗಳು. ಮನೆಯಲ್ಲಿ ಮಾಡಬಹುದಾದದ್ದು ಧಾನ್ಯವನ್ನು ಮೊಳಕೆ ಬರಿಸಿ ಒಣಗಿಸಿ ಮಾಲ್ಟ್ ಮಾಡುವುದು ಮತ್ತು ಅದನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿರಸ ತೆಗೆದು ಹಾಗೆಯೇ ಕುಡಿಯುವುದು. ಯೀಸ್ಟ್ ಹಾಕದಿದ್ದರೂ ನಮ್ಮ ಬೇಸಿಗೆಯಲ್ಲಿ ಆ ರಸ ಗಾಳಿಯ ಯೀಸ್ಟಿನಿಂದ ತಾನಾಗಿ ಹುದುಗಲು ಆರಂಭಿಸುತ್ತದೆಯಾದ್ದರಿಂದ ಅದನ್ನು ಅದೇ ದಿನ ಮುಗಿಸಬೇಕು.

ಎಚ್ಚರಿಕೆಯ ಸೂಚನೆಗಳು: "ಇಷ್ಟು ಸಣ್ಣ ಪ್ರಮಾಣವನ್ನು ಯಾರೂ ಕೇಳುವುದಿಲ್ಲ" ಎನ್ನುವವರು, ಖರ್ಚು ತೆಗೆಯಲು ನಾಲ್ಕು ಬಾಟಲಿ ಮಾರೋಣ ಎನ್ನುವವರು, ಮತ್ತು ಬಟ್ಟಿ ಇಳಿಸುವ ಮಾತು ಎತ್ತುವವರು. ಮೂರನೆಯವರಿಂದ ಆ ಕ್ಷಣವೇ ದೂರ ಸರಿಯಿರಿ, ಏಕೆಂದರೆ ಅಲ್ಲಿ ಕಾನೂನಿನ ಜೊತೆಗೆ ಜೀವದ ಪ್ರಶ್ನೆಯೂ ಇದೆ.

ಹಂತ 2: ಬೇಕಾದ ಸಾಧನಗಳು

ಪಟ್ಟಿ ಚಿಕ್ಕದು. ಒಂದೇ ಆಕಾರದ, ಬಣ್ಣವಿಲ್ಲದ ಆರು ಗಾಜಿನ ಲೋಟಗಳು, ಅಡುಗೆಮನೆಯ ಥರ್ಮಾಮೀಟರ್, ಒಂದು ನೋಟ್‌ಬುಕ್, ಮತ್ತು ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ, ಅಂದರೆ ಬಿಜೆಸಿಪಿ, ಉಚಿತವಾಗಿ ಕೊಡುವ ಎರಡು ದಾಖಲೆಗಳು. 1985ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಸಂಸ್ಥೆಯ 2021ರ ಶೈಲಿ ಕೈಪಿಡಿ, ಅಂದರೆ ಬಿಯರಿನ ಒಂದೊಂದು ಬಗೆಯೂ ಹೇಗಿರಬೇಕೆಂದು ಹೇಳುವ ಪುಸ್ತಕ, ಒಂದು, 50 ಅಂಕಗಳ ಅಂಕಪಟ್ಟಿ ಇನ್ನೊಂದು. ಎರಡನ್ನೂ ಮುದ್ರಿಸಿ ಇಟ್ಟುಕೊಳ್ಳಿ. ಫೋನಿನಲ್ಲಿ ನೋಡುತ್ತಾ ರುಚಿ ಬರೆಯಲು ಆಗುವುದಿಲ್ಲ.

ಲೋಟ ತೊಳೆಯುವ ಸೋಪಿಗೆ ನಿಂಬೆಯ ವಾಸನೆ ಇರಬಾರದು. ಒರೆಸುವ ಬಟ್ಟೆ ಮುಗ್ಗಿರಬಾರದು. ಇಷ್ಟು ಚಿಕ್ಕ ವಿಷಯದಿಂದ ಒಂದು ಸಂಜೆಯ ಟಿಪ್ಪಣಿಗಳೆಲ್ಲ ವ್ಯರ್ಥವಾದದ್ದನ್ನು ನಾನು ಕಂಡಿದ್ದೇನೆ.

ಹಂತ 3: ದೋಷಗಳಿಗೆ ಹೆಸರು ಕೊಡಲು ಕಲಿಯಿರಿ

ಬಳಗ ಕಟ್ಟುವವರು ಈ ಹಂತವನ್ನು ಹಾರಿಸುತ್ತಾರೆ, ಮತ್ತು ಹಾರಿಸಿದ ಬಳಗ ಮೂರು ತಿಂಗಳಲ್ಲಿ ಬರೀ ಕುಡಿಯುವ ಕೂಟವಾಗುತ್ತದೆ. ನಾವು ಬಳ್ಳಾರಿಯಲ್ಲಿ ಮೊದಲ ಬಾರಿ ಸೇರಿದಾಗ ಐದು ಜನರ ಐದು ಹಾಳೆಗಳಲ್ಲಿಯೂ "ಚೆನ್ನಾಗಿದೆ" ಎಂದಷ್ಟೇ ಇತ್ತು. ಆ ಮಾತಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ನಮಗೊಂದು ಅನುಕೂಲವಿದೆ. ಇಂಗ್ಲಿಷಿನಲ್ಲಿ ಕಲಿತ ಹೊಸಬರು ಕಹಿಯನ್ನೂ ನಾಲಗೆ ಹಿಡಿದಂತಾಗುವ ಅನುಭವವನ್ನೂ ಒಂದಾಗಿ ಕಲಸಿಬಿಡುತ್ತಾರೆ. ಕನ್ನಡದ ಮಗು ಅಡಿಕೆಯನ್ನೋ ಬಾಳೆಕಾಯಿಯನ್ನೋ ಕಚ್ಚಿದೊಡನೆ ಅದನ್ನು ಒಗರು ಎನ್ನುತ್ತದೆ. ಬಿಯರಿನಲ್ಲಿ ಕಹಿ ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ ಬರುತ್ತದೆ ಮತ್ತು ಹಲವು ಶೈಲಿಗಳಲ್ಲಿ ಅದು ಗುಣ. ಒಗರು ಸಾಮಾನ್ಯವಾಗಿ ಧಾನ್ಯದ ಹೊಟ್ಟನ್ನು ಅತಿ ಬಿಸಿಯ ನೀರಿನಲ್ಲಿ ಹೆಚ್ಚು ತೊಳೆದದ್ದರಿಂದ ಬರುತ್ತದೆ ಮತ್ತು ಅದು ದೋಷ. ಕಮಟು, ಮುಗ್ಗು, ಘಾಟು, ಸೀದ ವಾಸನೆ, ಹಸಿ ವಾಸನೆ, ಈ ಎಲ್ಲ ಮಾತುಗಳೂ ಅಂಕಪಟ್ಟಿಯ ಪಕ್ಕದಲ್ಲಿ ಬರೆದುಕೊಳ್ಳಲು ಯೋಗ್ಯವಾದವು. ಮೊದಲು ಕನ್ನಡದಲ್ಲಿ ಬರೆಯಿರಿ, ಪರೀಕ್ಷೆಗೆ ಬೇಕಾದ ಇಂಗ್ಲಿಷ್ ಪದವನ್ನು ಆಮೇಲೆ ಅದಕ್ಕೆ ಜೋಡಿಸಿ.

ಅಭ್ಯಾಸಕ್ಕೆ ಅಂಗಡಿಯಿಂದ ಬಿಲ್ಲು ಪಡೆದು ತಂದ ಸಾದಾ ಲಾಗರ್, ಅಂದರೆ ತಂಪಿನಲ್ಲಿ ಹುದುಗಿಸಿದ ಬಿಯರ್, ಸಾಕು. ಅದನ್ನು ಲೋಟಗಳಿಗೆ ಹಂಚಿ, ಒಂದನ್ನು ಹಾಗೆಯೇ ಬಿಟ್ಟು, ಉಳಿದವಕ್ಕೆ ಹೀಗೆ ಮಾಡಿ. ಒಂದಕ್ಕೆ ಕೆಲವು ಹನಿ ವಿನೆಗರ್ ಹಾಕಿದರೆ ಅಸಿಟಿಕ್ ಹುಳಿ ತಿಳಿಯುತ್ತದೆ. ಇನ್ನೊಂದಕ್ಕೆ ಮೊಸರಿನ ತಿಳಿನೀರು ಒಂದು ಚಮಚ ಹಾಕಿದರೆ ಲ್ಯಾಕ್ಟಿಕ್ ಹುಳಿ ತಿಳಿಯುತ್ತದೆ. ಮೊದಲನೆಯದು ಮೂಗಿಗೆ ಚುಚ್ಚುತ್ತದೆ, ಎರಡನೆಯದು ಚುಚ್ಚುವುದಿಲ್ಲ. ಮೆಕ್ಕೆಜೋಳ ಬೇಯಿಸಿದ ನೀರು ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕದ ವಸ್ತುವಿನ ನೆನಪು ಕೊಡುತ್ತದೆ. ಸಿಹಿರಸವನ್ನು ಮುಚ್ಚಳ ಮುಚ್ಚಿ ಕುದಿಸಿದಾಗ ಆ ವಾಸನೆ ಹೊರಹೋಗದೆ ಉಳಿಯುತ್ತದೆ. ಬೆಣ್ಣೆಯ ಎಸೆನ್ಸ್ ಒಂದು ಹನಿ, ಹುದುಗುವಾಗ ಹುಟ್ಟುವ ಡೈಅಸಿಟೈಲ್ ಎಂಬ ವಸ್ತುವಿಗೆ ಸಮೀಪ. ಯೀಸ್ಟ್ ತನ್ನ ಕೆಲಸ ಮುಗಿಸುವ ಮುಂಚೆಯೇ ಬಿಯರನ್ನು ತಣ್ಣಗಾಗಿಸಿದರೆ ಅದು ಉಳಿಯುತ್ತದೆ. ಲವಂಗ ನೆನೆಸಿದ ನೀರು ಜರ್ಮನಿಯ ಗೋಧಿ ಬಿಯರಿನಲ್ಲಿ ಗುಣವಾದ, ಫೀನಾಲ್ ಎಂಬ ವಸ್ತುವಿನ ಮಸಾಲೆಯಂಥ ವಾಸನೆಯನ್ನು ತೋರಿಸುತ್ತದೆ, ಅದೇ ವಾಸನೆ ಲಾಗರಿನಲ್ಲಿ ದೋಷ.

ಎರಡು ಪಾಠಗಳಿಗೆ ನಮ್ಮ ಬಿಸಿಲೇ ಪ್ರಯೋಗಶಾಲೆ. ಹಸಿರು ಗಾಜಿನ ಬಾಟಲಿಯೊಂದನ್ನು ಮಾಳಿಗೆಯ ಮೇಲೆ ಬಿಸಿಲಿನಲ್ಲಿ ಒಂದು ಗಂಟೆ ಇಟ್ಟು, ತಣ್ಣಗೆ ಮಾಡಿ, ನೆರಳಿನಲ್ಲಿಟ್ಟ ಇನ್ನೊಂದರ ಜೊತೆ ಮೂಸಿ ನೋಡಿ. ಬೆಳಕು ಹಾಪ್ಸಿನ ಕಹಿ ವಸ್ತುವನ್ನು ಒಡೆದು ಗಂಧಕದ ದುರ್ವಾಸನೆ ಹುಟ್ಟಿಸುತ್ತದೆ. ಸ್ಪರ್ಧೆಗಳು ಕಂದು ಗಾಜನ್ನೇ ಬಯಸುವ ಕಾರಣ ಆಗ ಅರ್ಥವಾಗುತ್ತದೆ. ಎರಡನೆಯದಾಗಿ, ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕೋಣೆಯಲ್ಲಿ ಎರಡು ಮೂರು ವಾರ ಇಟ್ಟ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟದ್ದರ ಜೊತೆ ಹೋಲಿಸಿ. ಒದ್ದೆಯಾದ ರಟ್ಟಿನ ವಾಸನೆ ಬಂದರೆ ಅದು ಆಮ್ಲಜನಕ ಮತ್ತು ಶಾಖ ಸೇರಿ ಮಾಡಿದ ಹಾನಿ.

ಹಂತ 4: ನಾಲ್ಕರಿಂದ ಆರು ಜನರ ಬಳಗ

ಆರು ಜನರಿಗಿಂತ ಹೆಚ್ಚು ಬೇಡ. 650 ಮಿಲಿಲೀಟರಿನ ಒಂದು ಬಾಟಲಿಯಿಂದ ಆರು ಜನರಿಗೆ ತಲಾ ಸುಮಾರು 100 ಮಿಲಿಲೀಟರ್ ಸಿಗುತ್ತದೆ, ರುಚಿ ನೋಡಲು ಅಷ್ಟು ಧಾರಾಳವಾಯಿತು. ಜನರನ್ನು ಬಾರಿನಲ್ಲಿ ಹುಡುಕುವುದು ಸಾಮಾನ್ಯ ತಪ್ಪು. ಅಲ್ಲಿ ಸಿಗುವವರಿಗೆ ಕುಡಿಯುವುದರಲ್ಲಿ ಆಸಕ್ತಿ, ಬರೆಯುವುದರಲ್ಲಿ ಅಲ್ಲ. ಹುದುಗುವಿಕೆ, ಶಾಖ, ಅಳತೆ ಇವುಗಳ ಜೊತೆ ದಿನವೂ ಕೆಲಸ ಮಾಡುವವರನ್ನು ಹುಡುಕಿ: ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮತ್ತು ಶಕ್ತಿನಗರದ ವಿದ್ಯುತ್ ಸ್ಥಾವರದ ತಂತ್ರಜ್ಞರು, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ ಹೊರಬಂದವರು, ಗಂಗಾವತಿಯ ಅಕ್ಕಿ ಗಿರಣಿಯವರು, ಬೇಕರಿ ನಡೆಸುವವರು. ಗಿರಣಿಯವರಿಗೆ ಧಾನ್ಯದ ತೇವಾಂಶ ಕೈಯಲ್ಲಿ ಹಿಡಿದರೆ ತಿಳಿಯುತ್ತದೆ. ಬೇಕರಿಯವರಿಗೆ ಯೀಸ್ಟಿನ ಸ್ವಭಾವ ಗೊತ್ತು. ಕೇಳುವಾಗ "ಬಿಯರ್ ಪಾರ್ಟಿ" ಎನ್ನದೆ, ತಿಂಗಳಿಗೊಮ್ಮೆ ಎರಡು ಗಂಟೆ ಕುಳಿತು ನಾಲ್ಕು ಬಿಯರುಗಳ ರುಚಿ ಬರೆಯುವ ಕೆಲಸ ಎಂದು ಸ್ಪಷ್ಟವಾಗಿ ಹೇಳಿ. ಒಪ್ಪದವರು ಆಗಲೇ ಹಿಂದೆ ಸರಿಯುತ್ತಾರೆ, ಅದು ಒಳ್ಳೆಯದೇ. ಕುಡಿಯದವರನ್ನೂ ಬಿಡಬೇಡಿ, ವಾಸನೆಗೆ ಅಂಕಪಟ್ಟಿಯಲ್ಲಿ 12 ಅಂಕಗಳಿವೆ, ಮೂಸಿ ಬರೆಯುವವರ ಟಿಪ್ಪಣಿ ಬಹಳ ಸಲ ನಮ್ಮದಕ್ಕಿಂತ ನಿಖರವಾಗಿರುತ್ತದೆ.

ಕೂಟ ನಡೆಸುವ ಕ್ರಮ ಹೀಗಿರಲಿ. ಒಬ್ಬರು ಒಳಗಿನ ಕೋಣೆಯಲ್ಲಿ ಸುರಿದು, ಲೋಟಗಳಿಗೆ ಸಂಖ್ಯೆ ಹಾಕಿ ತರಬೇಕು. ಬಾಟಲಿಯ ಹೆಸರು ಬೇರೆಯವರಿಗೆ ಕಾಣಬಾರದು. ಬಿಯರ್ 7ರಿಂದ 10 ಡಿಗ್ರಿಯಲ್ಲಿರಲಿ, ಫ್ರಿಜ್‌ನಿಂದ ತೆಗೆದೊಡನೆಯ ಚಳಿಯಲ್ಲಿ ವಾಸನೆ ಏಳುವುದಿಲ್ಲ. ಮೊದಲು ಮೂಸುವುದು, ಆಮೇಲೆ ನೋಡುವುದು, ಕೊನೆಗೆ ಕುಡಿಯುವುದು. ಬರೆದು ಮುಗಿಯುವವರೆಗೆ ಯಾರೂ ಮಾತನಾಡಬಾರದು. ಈ ನಿಯಮ ಪಾಲಿಸುವುದು ಎಲ್ಲಕ್ಕಿಂತ ಕಷ್ಟ, ಆದರೆ ವಯಸ್ಸಿನಲ್ಲಿ ಹಿರಿಯರಾದ ಒಬ್ಬರು "ಬೆಣ್ಣೆ ವಾಸನೆ" ಎಂದುಬಿಟ್ಟರೆ ಉಳಿದ ನಾಲ್ವರೂ ಅದನ್ನೇ ಬರೆಯುತ್ತಾರೆ. ನಡುವೆ ಬಾಯಿ ಸ್ವಚ್ಛಗೊಳಿಸಲು ನೀರು ಮತ್ತು ಉಪ್ಪಿಲ್ಲದ ಕಟಕ್ ಜೋಳದ ರೊಟ್ಟಿ ಬಹಳ ಸೊಗಸಾಗಿ ಒದಗುತ್ತವೆ. ವಗ್ಗಾಣಿ ಮಿರ್ಚಿಯನ್ನು ಬರೆಯುವ ಕೆಲಸವೆಲ್ಲ ಮುಗಿದ ಮೇಲೆಯೇ ತರಿಸಿ, ಎಣ್ಣೆ ಮತ್ತು ಖಾರ ನಾಲಗೆಯ ಮೇಲೆ ಕುಳಿತರೆ ಆ ಸಂಜೆಗೆ ರುಚಿಯ ಮಾತು ಮುಗಿದಂತೆ.

ದುಡ್ಡಿನ ವಿಷಯದಲ್ಲಿ ಎಚ್ಚರವಿರಲಿ. ವಂತಿಗೆ ಸೇರಿಸಿ ಬಿಯರ್ ತಂದು ಹಂಚುವುದು ಮಾರಾಟದಂತೆ ಕಾಣುವ ಅಪಾಯವಿದೆಯಾದ್ದರಿಂದ, ತಲಾ ಒಬ್ಬೊಬ್ಬರು ತಮ್ಮ ಬಾಟಲಿಯನ್ನು ತಾವೇ ಕೊಂಡು ತರುವ ಪದ್ಧತಿ ಒಳ್ಳೆಯದು. 21 ತುಂಬದವರನ್ನು ಸೇರಿಸಿಕೊಳ್ಳಬೇಡಿ. ಬೈಕಿನಲ್ಲಿ ಬಂದವರು ಆಟೋದಲ್ಲಿ ಮನೆಗೆ ಹೋಗಲಿ.

ಹಂತ 5: ಬ್ರೂವರಿಯವರ ಪರಿಚಯ

ಪರವಾನಗಿ ಇರುವ ಮೈಕ್ರೋಬ್ರೂವರಿಗಳನ್ನು ನೋಡಲು ನಮ್ಮವರಿಗೆ ಬೆಂಗಳೂರೇ ಮುಖ್ಯ. ಕೊಪ್ಪಳ ಮತ್ತು ಬಳ್ಳಾರಿಯವರಿಗೆ ಹಂಪಿ ಎಕ್ಸ್‌ಪ್ರೆಸ್, ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ರಾಯಚೂರಿನಿಂದ ಹೈದರಾಬಾದ್ ಇನ್ನೂ ಹತ್ತಿರ, ಅಲ್ಲಿಯೂ ಮೈಕ್ರೋಬ್ರೂವರಿಗಳಿವೆ. ಆದರೆ ರಾಜ್ಯದ ಗಡಿ ದಾಟಿ ಒಂದು ಬಾಟಲಿಯನ್ನೂ ತರಬೇಡಿ.

ಶನಿವಾರ ರಾತ್ರಿ ಹೋಗಿ ಬ್ರೂವರನ್ನು, ಅಂದರೆ ಅಲ್ಲಿ ಬಿಯರ್ ತಯಾರಿಸುವವರನ್ನು, ಕೇಳಿದರೆ ಮಾತಿಗೆ ಸಿಗುವುದಿಲ್ಲ. ವಾರದ ನಡುವೆ, ಮಧ್ಯಾಹ್ನ, ಮುಂಚಿತವಾಗಿ ತಿಳಿಸಿ ಹೋಗಿ. "ಬಿಯರ್ ಮಾಡುವುದು ಕಲಿಸಿ" ಎನ್ನುವ ಬದಲು ನಿಮ್ಮ ಟಿಪ್ಪಣಿಯ ಹಾಳೆ ಮುಂದಿಟ್ಟು, "ನಿಮ್ಮ ಗೋಧಿ ಬಿಯರಿನಲ್ಲಿ ಬಾಳೆಹಣ್ಣಿನ ವಾಸನೆ ಲವಂಗಕ್ಕಿಂತ ಮುಂದಿದೆ, ಹುದುಗುವ ಶಾಖವನ್ನು ಮೇಲಿಟ್ಟಿರಾ ಸರ್?" ಎಂದು ಕೇಳಿ. ಇಂಥ ಒಂದು ಪ್ರಶ್ನೆ ಕೇಳಿದವರಿಗೆ ಬ್ರೂವರ್ ತಾವಾಗಿಯೇ ಕುರ್ಚಿ ಎಳೆದು ಕೊಡುತ್ತಾರೆ. ಎರಡು ಮೂರು ಭೇಟಿಯ ನಂತರ, ಒಂದು ದಿನದ ತಯಾರಿಕೆಯ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು ನೋಡಲು ಅನುಮತಿ ಕೇಳಬಹುದು. ಅನುಮತಿ ಸಿಕ್ಕರೆ ಮುಚ್ಚಿದ ಬೂಟು ಹಾಕಿಕೊಂಡು ಬೆಳಿಗ್ಗೆಯೇ ಹೋಗಿ, ತೊಳೆಯುವ ಕೆಲಸಕ್ಕೆ ಕೈ ಹಾಕಲು ಸಿದ್ಧರಿರಿ. ಆ ಕೆಲಸದಲ್ಲಿ ಬಹುಪಾಲು ತೊಳೆಯುವುದೇ ಆಗಿದೆ.

ಹವ್ಯಾಸಿಯ ಪಾಕವಿಧಾನದಂತೆ ಪರವಾನಗಿಯುಳ್ಳ ಬ್ರೂವರಿಯಲ್ಲಿ ಬಿಯರ್ ತಯಾರಿಸಿ ಜೊತೆಯಾಗಿ ಸ್ಪರ್ಧೆಗಿಳಿಸುವ ಪದ್ಧತಿ ಅಮೆರಿಕದಲ್ಲಿದೆ. ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್‌ನಲ್ಲಿ ಅದಕ್ಕೆ ಪ್ರತ್ಯೇಕ ವಿಭಾಗವೇ ನಡೆದಿದೆ. ಇಲ್ಲಿಯೂ ಪರಿಚಯ ಗಟ್ಟಿಯಾದ ಮೇಲೆ ಕಾನೂನಿನ ಒಳಗೇ ಇದನ್ನು ಕೇಳಲು ಸಾಧ್ಯ, ಆದರೆ ಮೊದಲ ಭೇಟಿಯಲ್ಲಿ ಕೇಳಬೇಡಿ.

ಹಂತ 6: ತೀರ್ಪುಗಾರರ ಪರೀಕ್ಷೆ

ಊರಿನಲ್ಲಿದ್ದುಕೊಂಡೇ ಸ್ಪರ್ಧೆಯ ಲೋಕಕ್ಕೆ ಪ್ರವೇಶ ಪಡೆಯಲು ಇದಕ್ಕಿಂತ ನೇರವಾದ ದಾರಿ ನನಗೆ ಕಾಣದು. ಬಿಜೆಸಿಪಿಯ ಮೊದಲ ಪರೀಕ್ಷೆ ಆನ್‌ಲೈನ್. 60 ನಿಮಿಷದಲ್ಲಿ 180 ಪ್ರಶ್ನೆಗಳು. ಒಂದು ಪ್ರಶ್ನೆಗೆ 20 ಸೆಕೆಂಡು ಸಿಗುವುದರಿಂದ ಪುಸ್ತಕ ತೆರೆದು ಹುಡುಕುವ ಸಮಯವಿರುವುದಿಲ್ಲ, ಶೈಲಿ ಕೈಪಿಡಿ ತಲೆಯಲ್ಲಿಯೇ ಇರಬೇಕು. ಅದರಲ್ಲಿ ಉತ್ತೀರ್ಣರಾದವರು ಎರಡನೆಯ, ರುಚಿಯ ಪರೀಕ್ಷೆಗೆ ಅರ್ಹರು. ಅಲ್ಲಿ 90 ನಿಮಿಷದಲ್ಲಿ ಆರು ಬಿಯರುಗಳಿಗೆ ಆರು ಪೂರ್ಣ ಅಂಕಪಟ್ಟಿ ಬರೆಯಬೇಕು, ಅಂದರೆ ಒಂದಕ್ಕೆ 15 ನಿಮಿಷ. ನಾಲ್ಕನೆಯ ಹಂತದ ಕೂಟದಲ್ಲಿ ಗಡಿಯಾರ ಇಟ್ಟು ಇದೇ ವೇಗದಲ್ಲಿ ಬರೆದು ಅಭ್ಯಾಸ ಮಾಡಿ. ರುಚಿಯ ಪರೀಕ್ಷೆಯ ಸ್ಥಾನಗಳು ಸೀಮಿತವಾದ್ದರಿಂದ ವೇಳಾಪಟ್ಟಿ ನೋಡಿ, ಸ್ಥಾನ ಖಚಿತವಾದ ಮೇಲೆ ಮೊದಲ ಪರೀಕ್ಷೆಯ ಶುಲ್ಕ ಕಟ್ಟುವುದು ಜಾಣತನ.

ಹಂತ 7: ಸ್ಪರ್ಧೆ ಮತ್ತು ವರ್ಗದ ಆಯ್ಕೆ

ಮನೆ ತಯಾರಿಕೆ ಕಾನೂನುಬದ್ಧವಾದ ಕಡೆ ಇರುವವರಿಗೆ ಇಲ್ಲಿಂದ ಮುಂದಿನ ಮಾತು. ಬಿಜೆಸಿಪಿಯ ಸ್ಪರ್ಧಾ ಕ್ಯಾಲೆಂಡರಿನಲ್ಲಿ ನೋಂದಾಯಿತ ಸ್ಪರ್ಧೆಗಳ ಪಟ್ಟಿ ಇರುತ್ತದೆ. ಮೊದಲ ಸಲವೇ ರಾಷ್ಟ್ರಮಟ್ಟಕ್ಕೆ ಹೋಗದೆ ನಿಮ್ಮ ಪಟ್ಟಣದ ಕ್ಲಬ್ಬಿನ ಚಿಕ್ಕ ಸ್ಪರ್ಧೆಯನ್ನು ಆರಿಸಿ, ಮತ್ತು ಬಾಟಲಿ ಕೊಡುವ ಮುಂಚೆ ಅಲ್ಲಿ ಒಂದು ದಿನ ಸಹಾಯಕರಾಗಿ ದುಡಿಯಿರಿ. ಬಾಟಲಿ ತಂದುಕೊಡುತ್ತಾ ತೀರ್ಪುಗಾರರ ಮಾತು ಕೇಳಿಸಿಕೊಂಡ ಒಂದು ದಿನ ಒಂದು ವರ್ಷದ ಓದಿಗೆ ಸಮ.

ಅಂಕಪಟ್ಟಿ ಹಿಂದಿರುಗಿಸದ, ತೀರ್ಪುಗಾರರ ಅರ್ಹತೆ ಹೇಳದ, ಶುಲ್ಕವನ್ನು ಮಾತ್ರ ಕೇಳುವ ಸ್ಪರ್ಧೆಯನ್ನು ಬಿಟ್ಟುಬಿಡಿ.

ಅಂಕ ಹೆಚ್ಚು ಕಳೆದುಹೋಗುವುದು ತಪ್ಪು ವರ್ಗದಿಂದ. ತೀರ್ಪುಗಾರರು ಬಿಯರ್ ರುಚಿಯಾಗಿದೆಯೇ ಎಂಬುದರ ಜೊತೆಗೆ ಅದು ತಾನು ಹೇಳಿಕೊಂಡ ಶೈಲಿಗೆ ಹೊಂದುತ್ತದೆಯೇ ಎಂದೂ ನೋಡುತ್ತಾರೆ. ಅಮೆರಿಕನ್ ಐಪಿಎಗೆ, ಅಂದರೆ ಹಾಪ್ಸಿನ ಕಹಿ ಮುಂದಾದ ಇಂಡಿಯಾ ಪೇಲ್ ಏಲ್‌ಗೆ, ಕೈಪಿಡಿ 5.5ರಿಂದ 7.5 ಶೇಕಡಾ ಆಲ್ಕೋಹಾಲ್, 40ರಿಂದ 70 ಕಹಿ ಏಕಮಾನ (ಕಹಿಯ ಅಳತೆ, ಐಬಿಯು) ಹೇಳುತ್ತದೆ. ಅಮೆರಿಕನ್ ಪೇಲ್ ಏಲ್‌ಗೆ 4.5ರಿಂದ 6.2 ಮತ್ತು 30ರಿಂದ 50. ಐಪಿಎ ಎಂದು ಮಾಡಲು ಹೋದದ್ದು ಸೌಮ್ಯವಾಗಿ ಬಂದಿದ್ದರೆ ಅದನ್ನು ಪೇಲ್ ಏಲ್ ಎಂದೇ ನೋಂದಾಯಿಸಿ. ಏನು ಮಾಡಲು ಹೊರಟಿರಿ ಎಂಬುದು ಲೋಟದಲ್ಲಿ ಇರುವುದಿಲ್ಲ.

ನಮ್ಮ ನೆಲದ ಧಾನ್ಯ ಬಳಸಬೇಕೆಂಬ ಆಸೆ ಹಲವರಿಗಿದೆ, ನನಗೂ ಇದೆ. ಜೋಳದ ಬಿಯರಿಗೆ 2021ರ ಕೈಪಿಡಿಯಲ್ಲಿ 31ಎ, ಪರ್ಯಾಯ ಧಾನ್ಯದ ಬಿಯರ್ ಎಂಬ ವರ್ಗವಿದೆ. ಬೆಲ್ಲದ ಸ್ವಾದ ಮುಖ್ಯವಾದರೆ 31ಬಿ, ಪರ್ಯಾಯ ಸಕ್ಕರೆಯ ಬಿಯರ್. ಎರಡರಲ್ಲಿಯೂ ಯಾವ ಧಾನ್ಯ ಅಥವಾ ಸಕ್ಕರೆ ಎಂಬುದನ್ನು ಬರೆಯಲೇಬೇಕು, ಮೂಲ ಶೈಲಿಯನ್ನೂ ಹೇಳಬೇಕು. ಧಾನ್ಯದ ಗುಣ ರುಚಿಯಲ್ಲಿ ಕಾಣಿಸಬೇಕು. ಕಾಣಿಸದಿದ್ದರೆ ಮೂಲ ಶೈಲಿಯಲ್ಲಿಯೇ ಸೇರಿಸಿ. ಜೋಳದ ಪಿಷ್ಟ ಬಾರ್ಲಿ ಮಾಲ್ಟನ್ನು ನೆನೆಸುವ 65 ಡಿಗ್ರಿಯ ಆಸುಪಾಸಿನಲ್ಲಿ ಪೂರ್ತಿ ಅರಳುವುದಿಲ್ಲವಾದ್ದರಿಂದ, ನುಚ್ಚನ್ನು ಅಂಬಲಿಯಂತೆ ಮೊದಲು ಕುದಿಸಿ, ಆರಿಸಿ, ಆಮೇಲೆ ಮಾಲ್ಟಿಗೆ ಸೇರಿಸಬೇಕು. ಜೋಳವನ್ನೇ ಮಾಲ್ಟ್ ಮಾಡುವವರು ಇನ್ನೊಂದು ಎಚ್ಚರ ವಹಿಸಬೇಕು: ಅದರ ಮೊಳಕೆಯಲ್ಲಿ ಸೈನೈಡ್ ಬಿಡುಗಡೆ ಮಾಡುವ ಧುರಿನ್ ಇರುವುದರಿಂದ ಒಣಗಿಸಿ, ಮೊಳಕೆ ಬೇರುಗಳನ್ನು ಉಜ್ಜಿ ಪೂರ್ತಿ ತೆಗೆಯದೆ ಬಳಸಬಾರದು.

ಹಂತ 8: ಬಾಟಲಿ ಮತ್ತು ಸಾಗಣೆ

ಬಾಟಲಿ ತುಂಬುವ ಮುಂಚೆ ಸಾಂದ್ರತೆಯ ಅಳತೆ, ಅಂದರೆ ಹುದುಗದೆ ಉಳಿದ ಸಕ್ಕರೆ ಎಷ್ಟೆಂದು ತೋರಿಸುವ ಅಳತೆ, ಮೂರು ದಿನ ಒಂದೇ ಆಗಿರಬೇಕು. ಇಳಿಯುತ್ತಿರುವಾಗಲೇ ತುಂಬಿದ ಬಾಟಲಿ ಸಿಡಿಯುತ್ತದೆ. ಮುಚ್ಚಳ ತೆಗೆದೊಡನೆ ನೊರೆ ಉಕ್ಕಿ ಹರಿಯುವುದು, ಕುತ್ತಿಗೆಯಲ್ಲಿ ಬಿಳಿ ಉಂಗುರ ಕಾಣುವುದು ಕಾಡು ಯೀಸ್ಟಿನ ಅಥವಾ ಬ್ಯಾಕ್ಟೀರಿಯಾದ ಸೂಚನೆಗಳು. ಆ ಸಲ ತಯಾರಿಸಿದ ಬಿಯರನ್ನು ಕಳಿಸಬೇಡಿ.

ನಿಯಮಗಳು ಸ್ಪರ್ಧೆಯಿಂದ ಸ್ಪರ್ಧೆಗೆ ಬೇರೆಯಾದರೂ ಸಾಮಾನ್ಯವಾಗಿ ಕೇಳುವುದು 355 ಮಿಲಿಲೀಟರಿನ ಎರಡು ಅಥವಾ ಮೂರು ಕಂದು ಬಾಟಲಿಗಳು, ಗುರುತಿಲ್ಲದ ಗಾಜು, ಬರಹವಿಲ್ಲದ ಮುಚ್ಚಳ. ಚೀಟಿಯನ್ನು ಅಂಟಿಸದೆ ರಬ್ಬರ್ ಬ್ಯಾಂಡಿನಿಂದ ಕಟ್ಟಬೇಕು, ಏಕೆಂದರೆ ತೀರ್ಪಿನ ಮೊದಲು ಸಹಾಯಕರು ಅದನ್ನು ತೆಗೆಯುತ್ತಾರೆ. ಅಮೆರಿಕದ ಅಂಚೆ ಇಲಾಖೆ ಮದ್ಯವನ್ನು ಒಯ್ಯುವುದಿಲ್ಲ. ಬಿಯರ್ ಸಾಮಗ್ರಿಯ ಅಂಗಡಿಯಲ್ಲಿರುವ ಸಂಗ್ರಹ ಕೇಂದ್ರಕ್ಕೆ ಕೈಯಾರೆ ಕೊಟ್ಟು ಬರುವುದು ಕಾನೂನಿಗೂ ಬಿಯರಿಗೂ ಒಳ್ಳೆಯದು. ಊರಿನಿಂದ ಹೊರಗೆ ಕೊರಿಯರ್ ಮಾಡುವ ಯೋಚನೆಯನ್ನು ಇಲ್ಲಿರುವವರು ಪೂರ್ತಿ ಬಿಡಬೇಕು, ಪರವಾನಗಿಯಿಲ್ಲದ ಸಾಗಣೆಯೂ ಅಪರಾಧವೇ.

ಹಂತ 9: ಅಂಕಪಟ್ಟಿಯನ್ನು ಓದುವುದು

50 ಅಂಕಗಳ ಹಂಚಿಕೆ ಹೀಗಿದೆ: ವಾಸನೆ 12, ನೋಟ 3, ರುಚಿ 20, ಬಾಯಿಯ ಅನುಭವ 5, ಒಟ್ಟು ಅಭಿಪ್ರಾಯ 10. ಬಣ್ಣ ತಿಳಿಯಾಗಿಲ್ಲವೆಂದು ತಿಂಗಳುಗಟ್ಟಲೆ ಕೊರಗುವವರು ನೋಟಕ್ಕೆ ಇರುವುದು 3 ಅಂಕ ಎಂಬುದನ್ನು ಗಮನಿಸಲಿ. 21ರಿಂದ 29 ಬಂದರೆ ಬಿಯರ್ ಚೆನ್ನಾಗಿದೆ ಎಂದರ್ಥ, 30ರಿಂದ 37 ಬಹಳ ಚೆನ್ನ, 38ರಿಂದ 44 ಅತ್ಯುತ್ತಮ; 45 ಮತ್ತು ಅದಕ್ಕಿಂತ ಮೇಲೆ ತೀರಾ ಅಪರೂಪ. ಶಾಲೆಯ ಲೆಕ್ಕದಲ್ಲಿ 50ಕ್ಕೆ 28 ಎಂದರೆ ನಿರಾಶೆಯಾಗುತ್ತದೆ, ಇಲ್ಲಿ ಅದು ಮೊದಲ ಪ್ರಯತ್ನಕ್ಕೆ ಗೌರವದ ಅಂಕ.

ಇಬ್ಬರು ತೀರ್ಪುಗಾರರೂ ಸ್ವತಂತ್ರವಾಗಿ ಒಂದೇ ದೋಷ ಬರೆದಿದ್ದರೆ ಅದನ್ನು ನಂಬಿ. ಒಬ್ಬರೇ ಬರೆದಿದ್ದರೆ ನಿಮ್ಮ ಬಳಗದಲ್ಲಿ ಪರೀಕ್ಷಿಸಿ. ಇದಕ್ಕಾಗಿಯೇ ಅದೇ ಸಲ ತಯಾರಿಸಿದ ಬಿಯರಿನ ಎರಡು ಬಾಟಲಿಗಳನ್ನು ಸ್ಪರ್ಧೆಗೆ ಕೊಟ್ಟ ದಿನವೇ ಫ್ರಿಜ್‌ನಲ್ಲಿ ಎತ್ತಿಡಬೇಕು. ಅಂಕಪಟ್ಟಿ ಬಂದ ಸಂಜೆ ಅದನ್ನು ಯಾರಿಗೂ ತೋರಿಸದೆ ಒಂದು ಬಾಟಲಿಯನ್ನು ಸುರಿದು, ಎಲ್ಲರೂ ಬರೆದು ಮುಗಿಸಿದ ಮೇಲೆ ತೀರ್ಪುಗಾರರ ಹಾಳೆಯನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ. ಎರಡನೆಯ ಬಾಟಲಿಯನ್ನು ಮುಂದಿನ ತಯಾರಿಕೆಯ ಮೊದಲ ಬಾಟಲಿ ತೆರೆಯುವ ದಿನಕ್ಕೆ ಉಳಿಸಿಕೊಳ್ಳಿ. ಎರಡನ್ನೂ ಒಟ್ಟಿಗೆ ಮೂಸಿದಾಗ ದೋಷ ಹೋಗಿದೆಯೇ, ಹೆಸರು ಬದಲಿಸಿ ಉಳಿದಿದೆಯೇ ಎಂಬುದು ತಿಳಿಯುತ್ತದೆ.